ಮುಟ್ಟಿನ ಹೊಟ್ಟೆನೋವಿಗೆ ಚೀನೀ ಮಸಾಜ್: ಎಲ್ಲಿ ಒತ್ತಬೇಕು, ಎಲ್ಲಿ ಕೈ ತೆಗೆಯಬೇಕು

ಮುಟ್ಟಿನ ನೋವಿನಲ್ಲಿರುವವರ ಹೊಟ್ಟೆಯನ್ನು ಒತ್ತಲು ಶುರುಮಾಡುವ ಮೊದಲು ಒಂದು ಪರೀಕ್ಷೆ ಮಾಡಲೇಬೇಕು. ಎರಡೂ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಹೊಕ್ಕುಳಿನ ಕೆಳಗೆ ಒಂದು ಕೈಯನ್ನು ಭಾರ ಬಿಡದೆ ಇರಿಸಿ, ನಾಲ್ಕೈದು ಉಸಿರು ಸುಮ್ಮನೆ ಕಾಯಿರಿ. ಆಮೇಲೆ ಅವರು ಉಸಿರು ಬಿಡುವಾಗ ಸ್ವಲ್ಪವೇ ಒತ್ತಿ. ಕೆಲವರ ಹೊಟ್ಟೆ ಸಡಿಲಗೊಂಡು ಕೈಯನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ, ಬಾಯಲ್ಲಿ ತಾನಾಗಿ 'ಹಾ' ಎಂಬ ಉಸಿರು ಬರುತ್ತದೆ. ಇನ್ನು ಕೆಲವರ ಹೊಟ್ಟೆ ಹಲಗೆಯಾಗಿ ಬಿಗಿದು ಕೈಯನ್ನು ಹೊರಕ್ಕೆ ತಳ್ಳುತ್ತದೆ. ಚೀನೀ ವೈದ್ಯರು ಮುಟ್ಟಿನ ನೋವನ್ನು ಪರೀಕ್ಷಿಸುವಾಗ ಕೇಳುವ ಮುಖ್ಯ ಪ್ರಶ್ನೆಗಳಲ್ಲಿ ಇದೂ ಒಂದು: ಈ ನೋವು ಒತ್ತನ್ನು ಬಯಸುತ್ತದೆಯೇ, ದೂರ ತಳ್ಳುತ್ತದೆಯೇ? ಮುಂದೆ ನಾನು ಹೇಳುವುದೆಲ್ಲ ಈ ಪ್ರಶ್ನೆಯ ಉತ್ತರದ ಮೇಲೆ ನಿಂತಿದೆ.

ನಾನು ಬಸವನಗುಡಿಯಲ್ಲಿ, ಗಾಂಧಿ ಬಜಾರಿಗೆ ಹತ್ತಿರದ ಒಂದು ಮನೆಯ ನೆಲಮಹಡಿಯಲ್ಲಿ ಹೆಂಗಸರಿಗೆ ಮಾತ್ರ ಮಸಾಜ್ ಮಾಡುತ್ತೇನೆ. ಹುಟ್ಟಿನಿಂದಲೇ ನನಗೆ ಕಣ್ಣು ಕಾಣುವುದಿಲ್ಲ. ಚೀನಾದಲ್ಲಿ ದೃಷ್ಟಿಯಿಲ್ಲದವರಿಗೆ ಈ ವೃತ್ತಿಯ ತರಬೇತಿಯನ್ನು ಸರ್ಕಾರವೇ ವ್ಯವಸ್ಥಿತವಾಗಿ ಕೊಡುತ್ತ ಬಂದಿದೆ. ಅಲ್ಲಿ ಇದನ್ನು ತುಯಿ ನಾ ಎನ್ನುತ್ತಾರೆ, ಸಾಂಪ್ರದಾಯಿಕ ವೈದ್ಯದ ಆಸ್ಪತ್ರೆಗಳಲ್ಲಿ ಅದಕ್ಕೆ ಪ್ರತ್ಯೇಕ ವಿಭಾಗವೇ ಇರುತ್ತದೆ. ನನಗೆ ಕಲಿಸಿದ ಮೇಡಂ ನನ್ನ ಬೆರಳುಗಳನ್ನು ಹಿಡಿದು ತಮ್ಮ ಕಾಲಿನ ಮೇಲೆ, ಬೆನ್ನಿನ ಮೇಲೆ ಇಟ್ಟು ಕಲಿಸಿದರು. ಆದ್ದರಿಂದ ಇಲ್ಲಿ ನಾನು ಚಿತ್ರಪಟದ ಲೆಕ್ಕದಲ್ಲಿ ಹೇಳದೆ ಮೂಳೆ, ತಗ್ಗು, ಬೆರಳಳತೆಯ ಲೆಕ್ಕದಲ್ಲಿ ಹೇಳುತ್ತೇನೆ. ಮೊಬೈಲ್‌ನಲ್ಲಿ ಸಿಗುವ ಚಿತ್ರದ ಕಾಲು ನಿಮ್ಮ ಕಾಲಿನ ಉದ್ದದ್ದಲ್ಲ. ಒಮ್ಮೆ ಕಣ್ಣು ಮುಚ್ಚಿಕೊಂಡು ಹುಡುಕಿ, ಬೇಗ ಸಿಗುತ್ತದೆ.

ನೋವು ಏಕೆ ಬರುತ್ತದೆ ಎಂಬುದನ್ನು ಸ್ವಲ್ಪದರಲ್ಲೇ ಹೇಳಿಬಿಡುತ್ತೇನೆ. ಮುಟ್ಟು ಹತ್ತಿರವಾಗುವಾಗ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಇಳಿಯುತ್ತದೆ, ಗರ್ಭಕೋಶದ ಒಳಪದರದಿಂದ ಪ್ರೊಸ್ಟಗ್ಲ್ಯಾಂಡಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಅದು ಗರ್ಭಕೋಶದ ಸ್ನಾಯುವನ್ನು ಹಿಂಡುತ್ತದೆ. ಹಿಂಡಿದಾಗ ರಕ್ತದ ಹರಿವು ತಗ್ಗುತ್ತದೆ, ನೋವು ಹುಟ್ಟುತ್ತದೆ. ಅದೇ ರಾಸಾಯನಿಕ ಕರುಳಿನ ಮೇಲೂ ಕೆಲಸ ಮಾಡುವುದರಿಂದ ಮೊದಲ ದಿನ ಬೇಧಿ, ವಾಕರಿಕೆ ಆಗುವುದುಂಟು. ಪ್ರೊಸ್ಟಗ್ಲ್ಯಾಂಡಿನ್‌ಗಳ ಬಗೆಗಿನ ಸಂಶೋಧನೆಗೆ 1982ರಲ್ಲಿ ನೊಬೆಲ್ ಪ್ರಶಸ್ತಿಯೇ ಬಂದಿದೆ. ಹೀಗಿರುವಾಗ 'ನಾವೆಲ್ಲ ಸಹಿಸಿಕೊಳ್ಳಲಿಲ್ಲವೇ, ನಿನ್ನದೇನು ನಾಟಕ' ಎಂದು ಮಕ್ಕಳನ್ನು ಗದರಿಸುವ ಅಮ್ಮಂದಿರನ್ನು, ಅತ್ತೆಯರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಳೆದು ತೋರಿಸಬಹುದಾದ ರಾಸಾಯನಿಕದಿಂದ ಹುಟ್ಟುವ ನೋವು ಇದು.

ಚೀನೀ ವೈದ್ಯದ ವಿವರಣೆ ಬೇರೆ ಭಾಷೆಯಲ್ಲಿದೆ. ಹರಿಯಬೇಕಾದದ್ದು ತಡೆದು ನಿಂತರೆ ನೋವು ಎಂಬುದು ಅವರ ಮೂಲ ಮಾತು. ತಡೆಗೆ ಕಾರಣ ಒಬ್ಬರಲ್ಲಿ ಶೀತ, ಒಬ್ಬರಲ್ಲಿ ಮನಸ್ಸಿನ ಬಿಗಿ, ಇನ್ನೊಬ್ಬರಲ್ಲಿ ರಕ್ತ ಮತ್ತು ಶಕ್ತಿಯ ಕೊರತೆ ಎಂದು ಅವರು ವಿಂಗಡಿಸುತ್ತಾರೆ. ಶೀತದ ನೋವಿಗೆ ಶಾಖ ಕೊಟ್ಟರೆ ತಕ್ಷಣ ಹಿತವೆನಿಸುತ್ತದೆ. ಬಿಗಿಯ ನೋವು ಮುಟ್ಟಿಗೆ ಮೊದಲೇ ಶುರುವಾಗಿ ಎದೆ, ಪಕ್ಕೆ, ಕಿಬ್ಬೊಟ್ಟೆಯಲ್ಲಿ ತುಂಬಿದಂತೆ ಇರುತ್ತದೆ, ಒತ್ತಿದರೆ ಹೆಚ್ಚುತ್ತದೆ. ಕೊರತೆಯ ನೋವು ಮುಟ್ಟಿನ ಕೊನೆಯಲ್ಲಿ ಅಥವಾ ಮುಗಿದ ಮೇಲೆ ಮಂದವಾಗಿ ಎಳೆಯುತ್ತದೆ, ಕೈಯಿಟ್ಟರೆ ಶಮನವಾಗುತ್ತದೆ. ಇವು ಸಿದ್ಧಾಂತಗಳು, ಪ್ರಯೋಗಶಾಲೆಯಲ್ಲಿ ಕಂಡವಲ್ಲ. ಆದರೆ ಎಷ್ಟು ಒತ್ತಬೇಕೆಂಬ ತೀರ್ಮಾನಕ್ಕೆ ಈ ವಿಂಗಡಣೆ ನನಗೆ ಪ್ರತಿದಿನ ಉಪಯೋಗಕ್ಕೆ ಬರುತ್ತದೆ.

ಯಾವಾಗ ಶುರುಮಾಡಬೇಕು

ಬಹುತೇಕರು ನೋವು ತಾರಕಕ್ಕೇರಿದ ಮೇಲೆ ಬರುತ್ತಾರೆ. ತುಯಿ ನಾ ಕ್ರಮದಲ್ಲಿ ಮುಖ್ಯ ಕೆಲಸ ನಡೆಯುವುದು ಅದಕ್ಕೆ ಮೊದಲು. ಮುಟ್ಟು ನಿರೀಕ್ಷಿಸುವ ದಿನಕ್ಕೆ ಐದರಿಂದ ಏಳು ದಿನ ಮುಂಚಿತವಾಗಿ ಆರಂಭಿಸಿ, ದಿನಕ್ಕೊಮ್ಮೆ ಇಪ್ಪತ್ತು ನಿಮಿಷ ಕೊಟ್ಟರೆ ಸಾಕು. ಸ್ರಾವ ಶುರುವಾದ ಮೇಲೆ ಹೊಟ್ಟೆಯನ್ನು ಆಳವಾಗಿ ಒತ್ತುವುದು ಬೇಡ. ಬೆಚ್ಚಗಿನ ಅಂಗೈಯನ್ನು ಸುಮ್ಮನೆ ಇಟ್ಟಿರಬಹುದು, ಕಾಲು ಮತ್ತು ಬೆನ್ನಿನ ಕೆಲಸ ಮುಂದುವರಿಸಬಹುದು. ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳದವರಿಗೆ ಈ ವಿಧಾನ ಅರ್ಧ ಮಾತ್ರ ದಕ್ಕುತ್ತದೆ.

ಇಲ್ಲೇ ಒಂದು ದೊಡ್ಡ ಎಚ್ಚರಿಕೆ. ಮುಟ್ಟಿಗೆ ಮುಂಚಿನ ವಾರವೆಂದರೆ ಗರ್ಭ ನಿಂತಿದ್ದರೂ ಇನ್ನೂ ತಿಳಿಯದ ವಾರ. ಗರ್ಭಿಣಿಯಾಗಿರುವ ಸಾಧ್ಯತೆ ಎಳ್ಳಷ್ಟಿದ್ದರೂ ಹೊಟ್ಟೆಯ ಒತ್ತು, ಕಾಲಿನ ಒಳಬದಿಯ ಬಿಂದು (ಒತ್ತಲು ಚೀನೀ ವೈದ್ಯರು ಗುರುತಿಸಿದ ಜಾಗವನ್ನು ಬಿಂದು ಎನ್ನುತ್ತೇವೆ), ಕೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಬಿಂದು, ಸೊಂಟದ ಕೆಳಗಿನ ಒತ್ತು, ಇವು ನಾಲ್ಕನ್ನೂ ಬಿಡಬೇಕು. ಚೀನೀ ಸಂಪ್ರದಾಯದಲ್ಲಿ ಇವು ಗರ್ಭಿಣಿಯರಿಗೆ ನಿಷಿದ್ಧ. ಮಗುವಿಗಾಗಿ ಪ್ರಯತ್ನಿಸುತ್ತಿರುವ ದಂಪತಿ ಬಂದಾಗ ನಾನು ಸ್ರಾವ ಆರಂಭವಾಗುವವರೆಗೂ ಭುಜ, ಕುತ್ತಿಗೆ ಮಾತ್ರ ಮಾಡಿ ಕಳುಹಿಸುತ್ತೇನೆ.

ಹೊಟ್ಟೆ

ಊಟವಾಗಿ ಒಂದು ಗಂಟೆಯಾದರೂ ಕಳೆದಿರಲಿ, ಮೂತ್ರ ಮಾಡಿ ಬಂದಿರಲಿ. ಅಂಗಾತ ಮಲಗಿ ಮಂಡಿಯ ಕೆಳಗೆ ದಿಂಬು ಇಟ್ಟುಕೊಂಡರೆ ಹೊಟ್ಟೆಯ ಸ್ನಾಯು ತಾನಾಗಿ ಸಡಿಲಗೊಳ್ಳುತ್ತದೆ. ಬೆಂಗಳೂರಿನ ಮನೆಗಳ ಮೊಸಾಯಿಕ್ ಮತ್ತು ಗ್ರಾನೈಟ್ ನೆಲ ಜುಲೈ ಮಳೆಯಲ್ಲೂ ಡಿಸೆಂಬರ್ ಸಂಜೆಯಲ್ಲೂ ಮಂಜಾಗಿರುತ್ತದೆ. ಬರೀ ಚಾಪೆಯ ಮೇಲೆ ಮಲಗಿಸಬೇಡಿ, ಕೆಳಗೆ ದಪ್ಪನೆಯ ಜಮಖಾನೆ ಹಾಕಿ, ಪಾದಗಳಿಗೆ ಕಾಲುಚೀಲ ಹಾಕಿಸಿ. ಪಾದ ತಣ್ಣಗಿದ್ದರೆ ಹೊಟ್ಟೆ ಬಿಗಿ ಬಿಡುವುದು ತಡ ಎಂಬುದನ್ನು ನನ್ನ ಕೈಗಳು ಮತ್ತೆ ಮತ್ತೆ ಕಂಡಿವೆ.

ಮೊದಲನೆಯದು ಅಂಗೈ ಸುತ್ತು. ಅಂಗೈಯನ್ನು ಹೊಕ್ಕುಳಿನ ಮೇಲೆ ಚಪ್ಪಟೆಯಾಗಿ ಇಟ್ಟು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ, ನಿಧಾನವಾಗಿ, ಚರ್ಮದ ಮೇಲೆ ಜಾರುತ್ತ ಸುತ್ತಿಸಿ. ವರ್ತುಲ ಸಣ್ಣದಾಗಿ ಶುರುವಾಗಿ ಕಿಬ್ಬೊಟ್ಟೆಯವರೆಗೆ ದೊಡ್ಡದಾಗಲಿ. ಇದರಲ್ಲಿ ಬಲವಿಲ್ಲ, ಬಿಸಿ ಮಾತ್ರ ಇದೆ. ಐದು ನಿಮಿಷ. ಎರಡು ಹನಿ ಎಳ್ಳೆಣ್ಣೆ ಸಾಕು, ಹೆಚ್ಚಾದರೆ ಕೈ ಜಾರಿ ಓಡುತ್ತದೆ.

ಎರಡನೆಯದಕ್ಕೆ ಎರಡು ಬಿಂದುಗಳು ಬೇಕು. ಅಳತೆ ಹೀಗೆ: ತೋರುಬೆರಳಿನಿಂದ ಕಿರುಬೆರಳಿನವರೆಗೆ ನಾಲ್ಕು ಬೆರಳುಗಳನ್ನು ಜೋಡಿಸಿದರೆ ನಡುಗೆಣ್ಣಿನ ಹತ್ತಿರದ ಅಗಲ ಚೀನೀ ಲೆಕ್ಕದಲ್ಲಿ ಮೂರು ತ್ಸುನ್. ಅಳೆಯಬೇಕಾದದ್ದು ಮಲಗಿದವರ ಬೆರಳಿನಿಂದ, ಒತ್ತುವವರ ಬೆರಳಿನಿಂದಲ್ಲ. ಹನ್ನೆರಡು ವರ್ಷದ ಮಗಳ ಹೊಟ್ಟೆಯನ್ನು ಅಮ್ಮ ತನ್ನ ಬೆರಳಲ್ಲಿ ಅಳೆದರೆ ಬಿಂದು ತಪ್ಪುತ್ತದೆ. ಹೊಕ್ಕುಳಿನಿಂದ ನೇರ ಕೆಳಕ್ಕೆ ನಾಲ್ಕು ಬೆರಳು ಇಳಿದರೆ ಗ್ವಾನ್ ಯುವಾನ್. ಅದರ ಅರ್ಧ ದೂರದಲ್ಲಿ ಚಿ ಹಾಯ್. ಎರಡೂ ನಡುಗೆರೆಯ ಮೇಲೆಯೇ ಇವೆ. ಇಲ್ಲಿ ಅಂಗೈಯ ಬುಡವನ್ನು ಇಟ್ಟು, ಹೋಳಿಗೆಯ ಕಣಕವನ್ನು ಮೃದುವಾಗಿ ನಾದುವ ಹಾಗೆ ಸಣ್ಣ ವರ್ತುಲದಲ್ಲಿ ಆಡಿಸಿ. ಈಗ ಕೈ ಚರ್ಮದ ಮೇಲೆ ಜಾರಬಾರದು. ಚರ್ಮ, ಅದರ ಕೆಳಗಿನ ಮಾಂಸ, ನಿಮ್ಮ ಕೈ ಮೂರೂ ಒಟ್ಟಿಗೆ ಚಲಿಸಬೇಕು. ಅಂಗೈ ಸುತ್ತಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದೇ ಎಲ್ಲ. ಒಂದೊಂದು ಬಿಂದುವಿಗೆ ಎರಡು ನಿಮಿಷ ಕೊಡಿ.

'ಅಕ್ಕ, ಇನ್ನೂ ಜೋರಾಗಿ ಒತ್ತಿ' ಎಂದು ಕೇಳುವವರು ಬಹಳ. ಹೊಟ್ಟೆಯ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಕೈ ಒಳಗೆ ಹೋಗುವುದು ಉಸಿರು ಹೊರಗೆ ಹೋಗುವಾಗ ಮಾತ್ರ. ಉಸಿರು ಎಳೆದುಕೊಳ್ಳುವಾಗ ಹೊಟ್ಟೆ ಏರಿ ಬರುತ್ತದೆ, ಆಗ ಕೈಯೂ ಜೊತೆಗೆ ಏರಬೇಕು. ಆರಂಭದ ಪರೀಕ್ಷೆಯಲ್ಲಿ ಹೊಟ್ಟೆ ಬಿಗಿದುಕೊಂಡಿದ್ದರೆ ಈ ಎರಡನೆಯ ಹಂತವನ್ನೇ ಬಿಟ್ಟು, ಮೊದಲು ಬೆನ್ನಿಗೆ ಮತ್ತು ಕಾಲಿಗೆ ಹೋಗಿ. ಅನೇಕ ಸಲ ಕಾಲಿನ ಕೆಲಸ ಮುಗಿಸಿ ಮರಳಿ ಕೈಯಿಟ್ಟಾಗ ಅದೇ ಹೊಟ್ಟೆ ಒಪ್ಪಿಕೊಳ್ಳುತ್ತದೆ. ಒಪ್ಪಲಿಲ್ಲವೆಂದರೆ ಆ ದಿನಕ್ಕೆ ಹೊಟ್ಟೆಯ ತಂಟೆ ಬೇಡ.

ಸೊಂಟದ ಕೆಳಗಿನ ಮೂಳೆ

ಒಂದೇ ಒಂದು ಕೆಲಸಕ್ಕೆ ಸಮಯವಿದ್ದರೆ ನಾನು ಇದನ್ನೇ ಆರಿಸುತ್ತೇನೆ. ಬೆನ್ನಿನ ಕೊನೆಯಲ್ಲಿ, ಪೃಷ್ಠಗಳು ಆರಂಭವಾಗುವ ಮೊದಲು, ತ್ರಿಕೋನಾಕಾರದ ಚಪ್ಪಟೆ ಮೂಳೆಯಿದೆ. ವೈದ್ಯರು ತ್ರಿಕಾಸ್ಥಿ ಎನ್ನುತ್ತಾರೆ. ಅದರಲ್ಲಿ ನಡುಗೆರೆಯ ಆಚೆ ಈಚೆ ನಾಲ್ಕು ನಾಲ್ಕು ರಂಧ್ರಗಳಿವೆ, ಅವುಗಳ ಮೂಲಕ ನರಗಳು ಹೊರಬರುತ್ತವೆ. ಕಿಬ್ಬೊಟ್ಟೆಯೊಳಗಿನ ಅಂಗಗಳಿಗೆ ಹೋಗುವ ನರಗಳು ಹೊರಡುವುದೂ ಈ ಭಾಗದಿಂದಲೇ. ಚೀನೀ ವೈದ್ಯರು ಈ ಎಂಟನ್ನೂ ಸೇರಿಸಿ ಬಾ ಲ್ಯಾವ್ ಎಂದು ಕರೆಯುತ್ತಾರೆ. ಹುಡುಕುವುದು ಸುಲಭ. ಸೊಂಟದ ಕೆಳಗೆ ಎರಡು ಕಡೆ ಸಣ್ಣ ಗುಳಿಗಳು ಬೆರಳಿಗೆ ಸಿಗುತ್ತವೆ. ಗುಳಿಗೂ ಬೆನ್ನೆಲುಬಿನ ನಡುಗೆರೆಗೂ ಮಧ್ಯೆ, ಕೊಂಚ ಕೆಳಗೆ, ಹೆಬ್ಬೆರಳಿನ ತುದಿಯಿಂದ ತಡವಿದರೆ ಒಂದು ತಗ್ಗು ಸಿಗುತ್ತದೆ. ಅದು ಎರಡನೆಯ ಜೋಡಿ, ಮುಟ್ಟಿನ ನೋವಿಗೆ ಹೆಚ್ಚು ಬಳಸುವುದು ಅದನ್ನೇ.

ಬೋರಲು ಮಲಗುವಾಗ ಹೊಟ್ಟೆಯ ಕೆಳಗೆ ತೆಳುವಾದ ದಿಂಬು ಇರಲಿ. ಎರಡು ಹೆಬ್ಬೆರಳುಗಳನ್ನು ಆ ತಗ್ಗುಗಳಲ್ಲಿಟ್ಟು ಮೈಭಾರವನ್ನು ನಿಧಾನವಾಗಿ ಬಿಡಿ. ಮೂರು ಉಸಿರಾಡುವಷ್ಟು ಹೊತ್ತು ಒತ್ತಿ ಹಿಡಿದು, ಬಿಟ್ಟು, ಮತ್ತೆ ಒತ್ತಿ. ಇಲ್ಲಿ ಮೂಳೆಯ ಆಸರೆಯಿರುವುದರಿಂದ ಹೊಟ್ಟೆಗಿಂತ ಹೆಚ್ಚು ಬಲ ಹಾಕಬಹುದು. ಆಮೇಲೆ ಬರುವುದು ಉಜ್ಜುವ ಕೆಲಸ. ಅಂಗೈಯ ಕಿರುಬೆರಳ ಕಡೆಯ ಅಂಚನ್ನು ಮೂಳೆಯ ಮೇಲೆ ಅಡ್ಡಲಾಗಿ ಇಟ್ಟು, ಸ್ವಲ್ಪ ಎಣ್ಣೆ ಹಚ್ಚಿ, ಎಡದಿಂದ ಬಲಕ್ಕೆ ಬಲದಿಂದ ಎಡಕ್ಕೆ ಬೇಗಬೇಗನೆ ನೇರವಾಗಿ ಉಜ್ಜಿ. ಮೊದಲು ಮೇಲ್ಮೈ ಬಿಸಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಡಿ. ಮಲಗಿದವರು 'ಬಿಸಿ ಹೊಟ್ಟೆಯ ಕಡೆಗೆ ಇಳಿಯಿತು' ಎಂದು ಹೇಳುವವರೆಗೆ, ಎರಡು ಮೂರು ನಿಮಿಷ ಮುಂದುವರಿಸಿ. ಮುಗಿದ ತಕ್ಷಣ ಟವೆಲ್ ಹೊದಿಸಿ, ಫ್ಯಾನ್ ಹಾಕಬೇಡಿ. ಒಬ್ಬರೇ ಇರುವವರು ಕುರ್ಚಿಯ ಮೇಲೆ ಮುಂದಕ್ಕೆ ಬಾಗಿ ಕುಳಿತು ತಮ್ಮದೇ ಮುಷ್ಟಿಯ ಹಿಂಬದಿಯಿಂದ ಹೀಗೆ ಉಜ್ಜಿಕೊಳ್ಳಬಹುದು.

ಕಾಲಿನ ಬಿಂದು

ಪೀಣ್ಯದ ಗಾರ್ಮೆಂಟ್ಸ್‌ಗಳಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ನನ್ನ ಬಳಿ ಬರುವ ಹೆಣ್ಣುಮಕ್ಕಳಿದ್ದಾರೆ. ಇಡೀ ದಿನ ಹೊಲಿಗೆ ಯಂತ್ರದ ಮುಂದೆ ಕೂರುವ ಅವರಿಗೆ ಮಲಗಿ ಹೊಟ್ಟೆ ತಿಕ್ಕಿಸಿಕೊಳ್ಳುವ ಪುರುಸೊತ್ತು ಪ್ರತಿ ತಿಂಗಳು ಎಲ್ಲಿಂದ ಸಿಗಬೇಕು? ಅವರಿಗೆಲ್ಲ ನಾನು ಮೊದಲು ಹೇಳಿಕೊಡುವುದು ಸಾನ್ ಯಿನ್ ಜ್ಯಾವ್. ಚೀನೀ ಲೆಕ್ಕದಲ್ಲಿ ಗುಲ್ಮ, ಯಕೃತ್ತು, ಮೂತ್ರಪಿಂಡಗಳ ಮೂರು ನಾಡಿಗಳು, ಎಂದರೆ ಶಕ್ತಿ ಹರಿಯುತ್ತದೆಂದು ಅವರು ನಂಬುವ ದಾರಿಗಳು, ಕಾಲಿನಲ್ಲಿ ಕೂಡುವ ಜಾಗ ಅದು. ಹೆಂಗಸರ ತೊಂದರೆಗಳಿಗೆ ಇದಕ್ಕಿಂತ ಹೆಚ್ಚು ಬಳಕೆಯ ಬಿಂದು ಅಲ್ಲಿಲ್ಲವೆಂದೇ ಹೇಳಬಹುದು.

ಕುಳಿತು ಒಂದು ಕಾಲನ್ನು ಇನ್ನೊಂದು ತೊಡೆಯ ಮೇಲಿಡಿ. ಹರಡಿನ ಒಳಬದಿಯಲ್ಲಿ ಉಬ್ಬಿರುವ ಮೂಳೆಯ ತುದಿಯನ್ನು ಮುಟ್ಟಿ. ಕಿರುಬೆರಳು ಆ ತುದಿಯ ಮೇಲೆ ಬರುವಂತೆ ನಾಲ್ಕು ಬೆರಳುಗಳನ್ನು ಜೋಡಿಸಿ ಇಡಿ. ತೋರುಬೆರಳಿನ ಮೇಲಂಚು ಎಲ್ಲಿಗೆ ಬಂತೋ ಆ ಮಟ್ಟದಲ್ಲಿ ಕಣಕಾಲ ಮೂಳೆಯ ಮೇಲಿಂದ ಹೆಬ್ಬೆರಳನ್ನು ಹಿಂದಕ್ಕೆ ಜಾರಿಸಿ. ಮೂಳೆ ಮುಗಿದು ಮೆತ್ತನೆಯ ತಗ್ಗಿಗೆ ಬೆರಳು ಬೀಳುತ್ತದಲ್ಲ, ಅಲ್ಲೇ. ಮುಟ್ಟು ಹತ್ತಿರವಾದಾಗ ಅಲ್ಲಿ ಒತ್ತಿದರೆ ಎಷ್ಟೋ ಜನ ಬೆಚ್ಚಿ ಕಾಲು ಎಳೆದುಕೊಳ್ಳುತ್ತಾರೆ. ಒತ್ತು ಸರಿಯಿದ್ದರೆ ಚುಚ್ಚುವ ನೋವಾಗುವುದಿಲ್ಲ, ಭಾರವಾದ, ಜೋಮು ಬೆರೆತ ಒಂದು ಸೆಳೆತ ಮೇಲಕ್ಕೂ ಕೆಳಕ್ಕೂ ಹರಡುತ್ತದೆ. ಅದು ಬಂದ ಮೇಲೆ ಬಲ ಹೆಚ್ಚಿಸಬೇಡಿ, ಅಷ್ಟರಲ್ಲೇ ಹಿಡಿದು ಸಣ್ಣದಾಗಿ ತಿರುಗಿಸಿ. ಪ್ರತಿ ಕಾಲಿಗೆ ಎರಡು ನಿಮಿಷ, ದಿನಕ್ಕೆ ಎರಡು ಮೂರು ಬಾರಿ. ಕಚೇರಿಯಲ್ಲಿ ಮೀಟಿಂಗ್ ನಡೆಯುತ್ತಿರುವಾಗ ಮೇಜಿನ ಕೆಳಗೆ ಇನ್ನೊಂದು ಕಾಲಿನ ಹಿಮ್ಮಡಿಯಿಂದಲೇ ಒತ್ತಿಕೊಳ್ಳಬಹುದು.

ಮುಟ್ಟಿಗೆ ಮುಂಚೆ ಸಿಟ್ಟು, ಎದೆಬಿಗಿತ ಹೆಚ್ಚಿರುವವರು ಪಾದದ ಮೇಲ್ಭಾಗದಲ್ಲಿ ಹೆಬ್ಬೆರಳು ಮತ್ತು ಎರಡನೆಯ ಬೆರಳಿನ ನಡುವಿನ ಸಂದಿಯಿಂದ ಹಿಂದಕ್ಕೆ ಸರಿದು, ಎರಡು ಮೂಳೆಗಳು ಕೂಡುವುದಕ್ಕೆ ಮೊದಲು ಸಿಗುವ ತಗ್ಗನ್ನೂ ಒತ್ತಿಕೊಳ್ಳಿ. ಅದು ತಾಯ್ ಚುಂಗ್. ಒಂದು ನಿಮಿಷ ಸಾಕು.

ಶಾಖ, ಕಷಾಯ, ಮಾತ್ರೆ

ಕೈಯ ಜೊತೆಗೆ ಶಾಖ ಇರಲೇಬೇಕು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಿಬ್ಬೊಟ್ಟೆಗೆ ನಿರಂತರ ಶಾಖ ಕೊಡುವ ಪಟ್ಟಿಯು ಐಬುಪ್ರೊಫೇನ್ ಎಂಬ ನೋವು ನಿವಾರಕ ಮಾತ್ರೆಯಷ್ಟೇ ಉಪಶಮನ ಕೊಟ್ಟಿತ್ತು. ಬಿಸಿನೀರಿನ ಚೀಲ ಇಲ್ಲದಿದ್ದರೆ ಕಲ್ಲುಪ್ಪನ್ನು ಬಾಣಲೆಯಲ್ಲಿ ಹುರಿದು ದಪ್ಪ ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡಿ. ನಮ್ಮ ಅಜ್ಜಿಯರ ಈ ಉಪ್ಪಿನ ಗಂಟು ಚೀನಾದ ಮನೆಗಳಲ್ಲೂ ಇದೆ. ಮೊದಲು ನಿಮ್ಮ ಮುಂಗೈಯೊಳಗೆ ಇಟ್ಟು ಬಿಸಿ ನೋಡಿ. ಅಲ್ಲಿ ಶುಂಠಿಯನ್ನು ಕೆಂಪು ಸಕ್ಕರೆಯೊಂದಿಗೆ ಕುದಿಸಿ ಕುಡಿಯುತ್ತಾರೆ, ಇಲ್ಲಿ ಬೆಲ್ಲದೊಂದಿಗೆ. ಕುಡಿಯಲು ಹಿತವಾಗಿರುತ್ತದೆ, ಕುಡಿಯಿರಿ.

ಮಾತ್ರೆಯನ್ನು ನಾನು ಯಾರಿಗೂ ಬೇಡವೆನ್ನುವುದಿಲ್ಲ. ಪ್ರೊಸ್ಟಗ್ಲ್ಯಾಂಡಿನ್ ತಯಾರಾಗುವುದನ್ನೇ ಐಬುಪ್ರೊಫೇನ್‌ನಂಥ ನೋವು ನಿವಾರಕಗಳು ತಡೆಯುತ್ತವೆ, ಆದ್ದರಿಂದ ನೋವಿನ ಆರಂಭದಲ್ಲೇ, ಏನಾದರೂ ತಿಂದ ಮೇಲೆ ತೆಗೆದುಕೊಂಡವರಿಗೆ ಹೆಚ್ಚು ಗುಣ. ಅಲ್ಸರ್, ಮೂತ್ರಪಿಂಡದ ತೊಂದರೆ, ಆಸ್ತಮಾ ಇರುವವರು ವೈದ್ಯರನ್ನು ಕೇಳದೆ ನುಂಗಬಾರದು. ನಮ್ಮಲ್ಲಿ ಔಷಧ ಅಂಗಡಿಯಲ್ಲಿ ಹೆಸರು ಹೇಳಿ ಕೊಳ್ಳುವ ಮಾತ್ರೆಗಳಲ್ಲಿ ಮೆಫೆನಾಮಿಕ್ ಆಮ್ಲವೇ ಸಾಮಾನ್ಯ. ಅದು ಅಪರೂಪಕ್ಕೆ ತೀವ್ರ ಅಲರ್ಜಿ ಉಂಟುಮಾಡಬಹುದೆಂದು ಭಾರತೀಯ ಫಾರ್ಮಾಕೋಪಿಯಾ ಆಯೋಗ 2023ರ ಕೊನೆಯಲ್ಲಿ ಎಚ್ಚರಿಸಿತು. ಮಾತ್ರೆ ತೆಗೆದುಕೊಂಡ ಕೆಲವು ವಾರಗಳಲ್ಲಿ ಜ್ವರದೊಂದಿಗೆ ಮೈಮೇಲೆ ದದ್ದು ಎದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ. ನನ್ನ ಮಸಾಜ್‌ನ ವಿಷಯದಲ್ಲೂ ನೇರವಾಗಿ ಹೇಳುತ್ತೇನೆ: ಮುಟ್ಟಿನ ನೋವಿಗೆ ಅಕ್ಯುಪಂಕ್ಚರ್ ಮತ್ತು ಬಿಂದು ಒತ್ತುವಿಕೆಯ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ, ಚಿಕಿತ್ಸೆಗಳ ಸಾಕ್ಷ್ಯವನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2016ರ ಅವಲೋಕನ, ಪರಿಣಾಮ ಸಾಬೀತಾಗಿದೆ ಎನ್ನುವಷ್ಟು ಗಟ್ಟಿ ಸಾಕ್ಷ್ಯ ಇಲ್ಲ ಎಂದಿತು. ನನ್ನ ಕೈಯ ಕೆಳಗೆ ಸಡಿಲಗೊಂಡ ಹೊಟ್ಟೆಗಳನ್ನು ನಾನು ನಂಬುತ್ತೇನೆ, ಆದರೆ ಅದರ ಭರವಸೆಯಲ್ಲಿ ಯಾರೂ ವೈದ್ಯರನ್ನು ಬಿಡಬಾರದು.

ವಿಶ್ರಾಂತಿಯ ಬಗ್ಗೆಯೂ ಒಂದು ಮಾತು. ಹೆಂಗಸರಿಗೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆ ಕೊಡುವ ನೀತಿಗೆ ಕರ್ನಾಟಕ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ರಜೆ ಸಿಗುವವರು ಸಂಕೋಚಪಡದೆ ತೆಗೆದುಕೊಳ್ಳಿ. ನೋವಿನಲ್ಲಿ ಮೈ ಬಿಗಿಹಿಡಿದು ಕುಳಿತವರ ಸೊಂಟ ಸಂಜೆಯ ಹೊತ್ತಿಗೆ ಕಲ್ಲಾಗಿರುತ್ತದೆ, ಅದನ್ನು ಬಿಡಿಸಲು ಎರಡು ಪಟ್ಟು ಸಮಯ ಬೇಕಾಗುತ್ತದೆ.

ಯಾರಿಗೆ ಕೈ ಹಾಕಬಾರದು

ಜ್ವರವಿದ್ದರೆ, ಸ್ರಾವಕ್ಕೆ ದುರ್ವಾಸನೆಯಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಒಂದು ಕಾಲು ಮಾತ್ರ ಊದಿ ನೋಯುತ್ತಿದ್ದರೆ ಮಸಾಜ್ ಬೇಡ. ಉಬ್ಬಿದ ರಕ್ತನಾಳಗಳ ಮೇಲೆ ಒತ್ತಬೇಡಿ. ಕಾಪರ್-ಟಿ ಹಾಕಿಸಿಕೊಂಡವರಿಗೆ, ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಹೆಚ್ಚು ಕಾಲವಾಗದವರಿಗೆ ಹೊಟ್ಟೆಯ ಒತ್ತು ಬೇಡ. ಮುಟ್ಟು ತಪ್ಪಿದ ಮೇಲೆ ಹೊಟ್ಟೆಯ ಒಂದೇ ಬದಿಯಲ್ಲಿ ಹಠಾತ್ತನೆ ತೀವ್ರ ನೋವು ಬಂದರೆ ಅದು ಗರ್ಭಕೋಶದ ಹೊರಗೆ ನಿಂತ ಗರ್ಭವಿರಬಹುದು. ಆಗ ಆಟೋ ಹಿಡಿದು ಆಸ್ಪತ್ರೆಗೆ ಓಡಬೇಕು.

ಇನ್ನೊಂದು ಗುಂಪಿದೆ, ನನ್ನನ್ನು ಹೆಚ್ಚು ಕಾಡುವುದು ಅವರೇ. ವರ್ಷದಿಂದ ವರ್ಷಕ್ಕೆ ಏರುವ ನೋವು, ಮುಟ್ಟು ಮುಗಿದರೂ ನಿಲ್ಲದ ನೋವು, ಮಲವಿಸರ್ಜನೆಯಲ್ಲಿ ಅಥವಾ ಲೈಂಗಿಕ ಸಂಪರ್ಕದಲ್ಲಿ ನೋವು, ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ಸ್ರಾವ, ಹದಿಹರೆಯದಲ್ಲಿ ಇಲ್ಲದೆ ಮೂವತ್ತರ ಸುಮಾರಿಗೆ ಹೊಸದಾಗಿ ಶುರುವಾದ ನೋವು. ಇವುಗಳ ಹಿಂದೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಪದರ ಅದರ ಹೊರಗೆ ಬೆಳೆಯುವುದು), ಅಡೆನೊಮಯೋಸಿಸ್ (ಆ ಪದರ ಗರ್ಭಕೋಶದ ಸ್ನಾಯುವಿನೊಳಗೆ ಬೆಳೆಯುವುದು), ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ) ಇರಬಹುದು. 'ಮದುವೆಯಾದರೆ, ಒಂದು ಮಗುವಾದರೆ ಸರಿಹೋಗುತ್ತದೆ' ಎಂಬ ಮಾತು ಕೇಳಿಕೊಂಡೇ ವರ್ಷಗಳನ್ನು ಕಳೆದ ಹೆಂಗಸರ ಹೊಟ್ಟೆಯನ್ನು ನಾನು ಮುಟ್ಟಿದ್ದೇನೆ. ಅವು ಒತ್ತನ್ನು ಬಯಸುವುದಿಲ್ಲ, ಕೈಯಿಟ್ಟ ಕೂಡಲೇ ತಿಳಿಯುತ್ತದೆ. ಅಂಥವರಿಗೆ ನಾನು ಮಸಾಜ್ ಮಾಡದೆ, ಹಣ ತೆಗೆದುಕೊಳ್ಳದೆ, ಸ್ತ್ರೀರೋಗ ತಜ್ಞರ ಬಳಿ ಕಳುಹಿಸುತ್ತೇನೆ. ಖಾಸಗಿ ಆಸ್ಪತ್ರೆಯ ಖರ್ಚು ಭರಿಸಲಾಗದವರಿಗೆ ಕೆ.ಆರ್. ಮಾರುಕಟ್ಟೆಯ ಸಮೀಪ ಸರ್ಕಾರಿ ವಾಣಿವಿಲಾಸ ಆಸ್ಪತ್ರೆಯಿದೆ.

ಈ ಯಾವ ಲಕ್ಷಣವೂ ಇಲ್ಲದವರು ಮೂರು ತಿಂಗಳ ಮುಟ್ಟಿಗೆ ಈ ಕ್ರಮವನ್ನು ಬಿಡದೆ ಅನುಸರಿಸಿ. ಪ್ರತಿ ಬಾರಿಯೂ ನೋವು ಎಷ್ಟು ಹೊತ್ತಿತ್ತು, ಎಷ್ಟು ಮಾತ್ರೆ ಬೇಕಾಯಿತು, ಕೈಯಿಟ್ಟಾಗ ಹೊಟ್ಟೆ ಒಪ್ಪಿತೋ ಇಲ್ಲವೋ ಎಂದು ಕ್ಯಾಲೆಂಡರಿನಲ್ಲೇ ಬರೆದಿಡಿ. ಮೂರು ತಿಂಗಳಲ್ಲಿ ಏನೂ ಬದಲಾಗದಿದ್ದರೆ ಆ ಕ್ಯಾಲೆಂಡರನ್ನು ವೈದ್ಯರಿಗೆ ತೋರಿಸಿ ಸ್ಕ್ಯಾನ್ ಬೇಕೇ ಎಂದು ಕೇಳಿ. ವರದಿ ಬಂದ ಮೇಲೆ, ಅವರು ಬೇಡವೆನ್ನದಿದ್ದರೆ, ಕಾಲಿನ ಬಿಂದುವನ್ನೂ ಬೆನ್ನಿನ ಉಜ್ಜುವಿಕೆಯನ್ನೂ ಮುಂದುವರಿಸಬಹುದು. ಹೊಟ್ಟೆಯ ಒತ್ತನ್ನು ಮಾತ್ರ ಅವರ ಅನುಮತಿಯಿಲ್ಲದೆ ಮತ್ತೆ ಶುರುಮಾಡಬೇಡಿ.